ಪಂಜರದ ಸೀಬಾಸ್ ಮರಿಗಳು ಸುತ್ತು ಹೊಡೆದು ಸಾಯುತ್ತಿವೆ: ಇದು ವೈರಸ್ಸೇ? ಪಕ್ಕದ ಪಂಜರದ ದೊಡ್ಡ ಮೀನಿಗೆ ಏಕೆ ಏನೂ ಆಗಿಲ್ಲ?

ಅಳಿವೆಬಾಗಿಲು

ಎಲ್ಲರಿಗೂ ನಮಸ್ಕಾರ. ಬೈಂದೂರು ಕಡೆಯ ಅಳಿವೆಯೊಂದರಲ್ಲಿ ನಾವು ಕೆಲವು ಮನೆಯವರು ಸೇರಿ ಪಂಜರ ಹಾಕಿಕೊಂಡು ಸೀಬಾಸ್ ಸಾಕುತ್ತಿದ್ದೇವೆ. ಮಳೆಗಾಲ ಕಳೆದು ಹೊಳೆಯ ನೀರಿಗೆ ಉಪ್ಪು ಏರಿದ ಮೇಲೆ ಈ ಬಾರಿ ಹೊರರಾಜ್ಯದ ಬೇರೊಂದು ಹ್ಯಾಚರಿಯಿಂದ, ಅಂದರೆ ಮೀನಿನ ಮರಿ ಮಾಡಿಸುವ ಕೇಂದ್ರದಿಂದ, ಮರಿಗಳನ್ನು ತರಿಸಿ ಬಿಟ್ಟೆವು. ಮೊದಲಿಗೆ ಚೆನ್ನಾಗಿಯೇ ತಿನ್ನುತ್ತಿದ್ದವು. ಆಮೇಲೆ ಒಂದೊಂದಾಗಿ ಮೈ ಕಪ್ಪಾಗಿ ಗುಂಪಿನಿಂದ ಬೇರೆಯಾದವು. ಮುಟ್ಟಿದರೆ ತಿರುಪು ಸುತ್ತಿದಂತೆ ಗಿರಗಿರನೆ ಸುತ್ತಿ, ಹೊಟ್ಟೆ ಮೇಲಾಗಿ ತೇಲುತ್ತವೆ. ಸತ್ತವೆಂದು ಎತ್ತಲು ಹೋದರೆ ಮತ್ತೆ ಒದ್ದಾಡುತ್ತವೆ. ಮೈಮೇಲೆ ಗಾಯವಿಲ್ಲ, ಹುಣ್ಣಿಲ್ಲ, ಹುಳವೂ ಕಾಣುವುದಿಲ್ಲ.

ಔಷಧದ ಅಂಗಡಿಯವರು ಆಂಟಿಬಯಾಟಿಕ್ ಪುಡಿಯನ್ನು ಆಹಾರಕ್ಕೆ ಬೆರೆಸಿ ಕೊಡಲು ಹೇಳಿದರು. ಕೊಟ್ಟರೂ ಸಾವು ನಿಲ್ಲಲಿಲ್ಲ. ಆಶ್ಚರ್ಯವೆಂದರೆ, ಅದೇ ನೀರಿನಲ್ಲಿ, ಒಂದು ಮಾರು ಅಂತರದಲ್ಲಿರುವ ಇನ್ನೊಂದು ಪಂಜರದಲ್ಲಿ ಕಳೆದ ಸಾಲಿನ ದೊಡ್ಡ ಸೀಬಾಸ್‌ಗಳಿದ್ದು, ಅವು ಏನೂ ಆಗದಂತೆ ಇವೆ. ಇದು ವೈರಸ್ ಆಗಿದ್ದರೆ ಅವಕ್ಕೂ ಬರಬೇಕಿತ್ತಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ಕಡಲತಡಿ_ಕೃಷಿಕ

ವೈರಸ್ಸೂ ಇಲ್ಲ, ಏನೂ ಇಲ್ಲ. ನೀರು ಕೆಟ್ಟಿರುತ್ತದೆ. ಬೆಳಗಿನ ಜಾವ ಹೊಳೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಬಲೆ ತೊಳೆದು ಎಷ್ಟು ದಿನವಾಯಿತು ಎಂದು ಮೊದಲು ಹೇಳಿ.

ಅಳಿವೆಬಾಗಿಲು

ಬಲೆಯನ್ನು ಮರಿ ಬಿಡುವ ಮುಂಚೆಯೇ ಬದಲಿಸಿದ್ದೇವೆ. ಆಮ್ಲಜನಕ ಕಡಿಮೆಯಾದರೆ ಹೆಚ್ಚು ಬೇಕಾಗುವುದು ದೊಡ್ಡ ಮೀನಿಗೆ, ಮೊದಲು ಸಾಯಬೇಕಾದದ್ದೂ ಅವೇ. ಇಲ್ಲಿ ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ.

ಕಿವಿರು_ರೆಕ್ಕೆ

ನಾನು ಮಂಗಳೂರಿನಲ್ಲಿ ಮೀನಿನ ರೋಗಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇದೇ ರೋಗ ಎಂದು ಹೇಳುವುದು ತಪ್ಪು. ಆದರೂ ತಾವು ಹೇಳಿದ ಲಕ್ಷಣಗಳನ್ನು ಓದಿದ ಕೂಡಲೇ ಮನಸ್ಸಿಗೆ ಬರುವುದು ವೈರಲ್ ನರ್ವಸ್ ನೆಕ್ರೋಸಿಸ್, ಅಂದರೆ ನಾವು ವಿಎನ್‌ಎನ್ ಎನ್ನುವ ನರರೋಗ. ಇದಕ್ಕೆ ಕಾರಣ ಬೀಟಾನೋಡಾವೈರಸ್. ಹೊರಕವಚದ ಪೊರೆಯಿಲ್ಲದ, ಎರಡೇ ತುಂಡು ಆರ್‌ಎನ್‌ಎ ಇರುವ ಅತಿ ಚಿಕ್ಕ ವೈರಸ್ ಇದು. ಒಂದು ತುಂಡಿನಲ್ಲಿ ತನ್ನನ್ನು ನಕಲು ಮಾಡಿಕೊಳ್ಳುವ ಕಿಣ್ವದ ಮಾಹಿತಿ, ಇನ್ನೊಂದರಲ್ಲಿ ಚಿಪ್ಪಿನ ಪ್ರೋಟೀನಿನ ಮಾಹಿತಿ. ಇಷ್ಟೇ ಬಂಡವಾಳದಲ್ಲಿ ಅದು ನೂರಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಕಾಣಿಸಿಕೊಂಡಿದೆ.

ವೈರಸ್ ಕೂರುವುದು ಮಿದುಳಿನಲ್ಲಿ ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅಲ್ಲಿನ ಜೀವಕೋಶಗಳಲ್ಲಿ ಗುಂಡಗಿನ ಖಾಲಿ ಗುಳ್ಳೆಗಳು ಕಾಣುತ್ತವೆ. ಮೈಬಣ್ಣವನ್ನು ಹಿಡಿತದಲ್ಲಿಡುವುದು ಕಣ್ಣು ಮತ್ತು ನರಗಳಾದ್ದರಿಂದ ಮೀನು ಕಪ್ಪಾಗುತ್ತದೆ. ಗಾಳಿಚೀಲ ಅತಿಯಾಗಿ ಉಬ್ಬುವುದರಿಂದ ಹೊಟ್ಟೆ ಮೇಲಾಗಿ ತೇಲುತ್ತದೆ. ಸಮತೋಲನ ತಪ್ಪಿ ಸುತ್ತು ಹೊಡೆಯುತ್ತದೆ. ಹೊರಗಿನ ಮೈಯಲ್ಲಿ ಗಾಯವಿಲ್ಲ ಎಂಬ ತಮ್ಮ ಮಾತು ಇದಕ್ಕೆ ಹೊಂದುತ್ತದೆ. ವಿಬ್ರಿಯೋ ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಹುಣ್ಣು, ಕೊಳೆತ ರೆಕ್ಕೆ, ರಕ್ತದ ಕಲೆ ಕಾಣುತ್ತಿದ್ದವು.

ನಮ್ಮ ದೇಶದಲ್ಲಿ ಹ್ಯಾಚರಿಯ ಸೀಬಾಸ್ ಮರಿಗಳಲ್ಲಿ ನೋಡಾವೈರಸ್ ಸೋಂಕಿನ ಮೊದಲ ವರದಿ 2005ರಲ್ಲಿಯೇ ಪ್ರಕಟವಾಗಿದೆ. ಹಾಗಾಗಿ ಇದು ಹೊಸದೇನಲ್ಲ.

ಕಡಲತಡಿ_ಕೃಷಿಕ

ಮೇಡಂ, ಪುಸ್ತಕದ ಮಾತು ಸರಿ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಪಕ್ಕದ ದೊಡ್ಡ ಮೀನಿಗೆ ಏಕೆ ಬರಲಿಲ್ಲ?

ಕಿವಿರು_ರೆಕ್ಕೆ

ಅದಕ್ಕೇ ಬರುತ್ತಿದ್ದೆ. ದೊಡ್ಡ ಮೀನಿಗೆ ಸೋಂಕು ತಗಲಿಲ್ಲ ಎಂದು ಹೇಳಲು ಆಗುವುದಿಲ್ಲ, ರೋಗ ಕಾಣಿಸಿಲ್ಲ ಎಂದಷ್ಟೇ ಹೇಳಬಹುದು. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ಕೆಲವು ವಾರ ಇರುವುದು ಹುಟ್ಟಿನಿಂದ ಬಂದ ಸಾಮಾನ್ಯ ರಕ್ಷಣೆ ಮಾತ್ರ. ನಿರ್ದಿಷ್ಟ ವೈರಸ್ಸನ್ನು ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸುವ ವ್ಯವಸ್ಥೆ ನಂತರ ಬಲಿಯುತ್ತದೆ. ಜೊತೆಗೆ ಆ ವಯಸ್ಸಿನಲ್ಲಿ ಮಿದುಳು ಮತ್ತು ಕಣ್ಣಿನ ಜೀವಕೋಶಗಳು ವೇಗವಾಗಿ ಬೆಳೆಯುತ್ತಿರುತ್ತವೆ, ವೈರಸ್ಸಿಗೆ ಅದು ಅನುಕೂಲ. ಹಾಗಾಗಿ ಹ್ಯಾಚರಿಯ ತೊಟ್ಟಿಯಲ್ಲಿ ಇಡೀ ಕಂತೇ ಸಾಯುವುದುಂಟು, ಬೆರಳುದ್ದದ ಮರಿಗಳಲ್ಲಿ ಒಂದು ಪಾಲು ಸಾಯುತ್ತದೆ, ದೊಡ್ಡ ಸೀಬಾಸ್ ಹೆಚ್ಚಾಗಿ ವೈರಸ್ಸನ್ನು ಹೊತ್ತುಕೊಂಡೇ ಬದುಕುತ್ತದೆ.

ಇದು ಎಲ್ಲ ಜಾತಿಗೂ ಒಂದೇ ನಿಯಮವಲ್ಲ ಎನ್ನುವುದನ್ನು ಸೇರಿಸಬೇಕು. ಮೆಡಿಟರೇನಿಯನ್ ಸಮುದ್ರದಲ್ಲಿ ಸಾಕುವ ಯೂರೋಪಿನ ಸೀಬಾಸ್ ಬೇರೆ ಜಾತಿ. ಅಲ್ಲಿ ಬೇಸಿಗೆಯ ಬಿಸಿನೀರಿನಲ್ಲಿ ಮಾರಾಟಕ್ಕೆ ಸಿದ್ಧವಾದ ಮೀನೂ ಇದೇ ರೋಗದಿಂದ ಸಾಯುತ್ತದೆ. ಅದರ ಪಕ್ಕದಲ್ಲೇ ಸಾಕುವ ಗಿಲ್ಟ್‌ಹೆಡ್ ಬ್ರೀಮ್ ಎಂಬ ಮೀನು ಅದೇ ತಳಿಯ ವೈರಸ್ಸಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಆದರೆ ಎರಡು ತಳಿಗಳ ಆರ್‌ಎನ್‌ಎ ತುಂಡುಗಳು ಅದಲುಬದಲಾಗಿ ಹುಟ್ಟಿದ ಮಿಶ್ರ ವೈರಸ್ ಬಂದ ಮೇಲೆ ಆ ಬ್ರೀಮ್‌ನ ಮರಿಗಳೂ ಸಾಯತೊಡಗಿದವು. ಯಾವ ಮೀನು ಯಾವ ವೈರಸ್ಸಿಗೆ ಯಾವ ವಯಸ್ಸಿನಲ್ಲಿ ಬಲಿಯಾಗುತ್ತದೆ ಎನ್ನುವುದನ್ನು ಜಾತಿಜಾತಿಗೂ ಬೇರೆಯಾಗಿಯೇ ನೋಡಬೇಕು.

ಗಜನಿ_ಗದ್ದೆ

ನಾನು ಕುಮಟಾದವನು, ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಸಿಗಡಿ ಸಾಕಿದವನು. ತೊಂಬತ್ತರ ದಶಕದ ನಡುವೆ ಸಿಗಡಿಗೆ ಬಿಳಿ ಚುಕ್ಕೆ ಎಂಬ ವೈರಸ್ ರೋಗ ಬಂದಾಗ ನಾವೂ ಹೀಗೆಯೇ ನೀರನ್ನು ಬೈದೆವು, ಆಹಾರವನ್ನು ಬೈದೆವು, ಅಂಗಡಿಯ ಪುಡಿಯನ್ನೆಲ್ಲ ಕೆರೆಗೆ ಸುರಿದೆವು. ಸಂಜೆ ಚುರುಕಾಗಿದ್ದ ಸಿಗಡಿ ಬೆಳಗಾಗುವುದರೊಳಗೆ ದಂಡೆಗೆ ಬಂದು ಬಿದ್ದಿರುತ್ತಿತ್ತು. ರೋಗ ಮರಿಯ ಜೊತೆಗೇ ಬರುತ್ತದೆ ಎಂಬುದು ನಮಗೆ ಅರ್ಥವಾಗುವಷ್ಟರಲ್ಲಿ ಎಷ್ಟೋ ಕೆರೆಗಳು ಪಾಳು ಬಿದ್ದವು.

ಆನಂತರ ಏನಾಯಿತು ನೋಡಿ. 2009ರಲ್ಲಿ ಹೊರದೇಶದ ವನಾಮಿ ಎಂಬ ಸಿಗಡಿಗೆ ಅನುಮತಿ ಕೊಟ್ಟಾಗ, ರೋಗಮುಕ್ತವೆಂದು ಖಚಿತಪಡಿಸಿದ ತಾಯಿಸಿಗಡಿಯನ್ನು ಮಾತ್ರ ತರಬೇಕು, ಚೆನ್ನೈನ ಪ್ರತ್ಯೇಕವಾಸ ಕೇಂದ್ರದಲ್ಲಿ ಪರೀಕ್ಷೆಯಾದ ಮೇಲೆಯೇ ಹ್ಯಾಚರಿಗೆ ಹೋಗಬೇಕು ಎಂಬ ಕಟ್ಟುನಿಟ್ಟು ಬಂತು. ಸಮುದ್ರ ಮೀನಿನ ಮರಿಗೆ ಅಂಥ ಕಟ್ಟುನಿಟ್ಟು ಎಲ್ಲಿದೆ? ಸಹಾಯಧನದಲ್ಲಿ ಪಂಜರ ಕೊಡುತ್ತಾರೆ, ಬಲೆ ಕೊಡುತ್ತಾರೆ. ಮರಿಯ ಆರೋಗ್ಯದ ಚೀಟಿಯನ್ನು ಯಾರೂ ಕೇಳುವುದಿಲ್ಲ. ನನ್ನ ಸಿಟ್ಟಿರುವುದು ಇದರ ಮೇಲೆ.

ಮೊಟ್ಟೆಮನೆಯವ

ನಾನು ತಮಿಳುನಾಡು ಕರಾವಳಿಯ ಒಂದು ಹ್ಯಾಚರಿಯಲ್ಲಿ ಕೆಲಸ ಮಾಡುವ ಕನ್ನಡಿಗ. ಎಲ್ಲ ತಪ್ಪನ್ನೂ ಹ್ಯಾಚರಿಯ ತಲೆಗೆ ಕಟ್ಟುವ ಮುನ್ನ ನಮ್ಮ ಕಷ್ಟವನ್ನೂ ಕೇಳಿ.

ಸೀಬಾಸ್ ಮೊದಲು ಗಂಡಾಗಿ ಬೆಳೆದು, ವರ್ಷಗಳ ನಂತರ ಹೆಣ್ಣಾಗಿ ಬದಲಾಗುವ ಮೀನು. ಹಾಗಾಗಿ ಮೊಟ್ಟೆಯಿಡುವ ತಾಯಿಮೀನು ಎಂದರೆ ವಯಸ್ಸಾದ, ಬೆಲೆಬಾಳುವ ಮೀನು. ಅದನ್ನು ಸಮುದ್ರದಿಂದಲೋ ಹಿನ್ನೀರಿನಿಂದಲೋ ತಂದಿರುತ್ತೇವೆ. ಅದರ ಮೈಯಲ್ಲಿ ವೈರಸ್ ಇದ್ದರೂ ಹೊರಗೆ ಏನೂ ಕಾಣುವುದಿಲ್ಲ. ಪರೀಕ್ಷೆಗೆ ಮಿದುಳು ಬೇಕೆಂದರೆ ತಾಯಿಮೀನನ್ನು ಕೊಲ್ಲಲಾಗುವುದಿಲ್ಲವಲ್ಲ. ರಕ್ತ ಅಥವಾ ಮೊಟ್ಟೆಯ ದ್ರವದ ಮಾದರಿ ತೆಗೆದು ಆರ್‌ಟಿ-ಪಿಸಿಆರ್ ಮಾಡುತ್ತೇವೆ. ಇಂದು ಇಲ್ಲವೆಂದು ಬಂದ ಮೀನು, ಹಾರ್ಮೋನ್ ಕೊಟ್ಟು ಮೊಟ್ಟೆ ಇಡಿಸಿದ ಆಯಾಸದ ನಂತರ ಇದೆ ಎಂದು ಬರಬಹುದು. ಸುಪ್ತವಾಗಿದ್ದ ವೈರಸ್ ಆಗ ಹೊರಬೀಳುತ್ತದೆ.

ಒಳ್ಳೆಯ ಹ್ಯಾಚರಿಗಳು ಮೊಟ್ಟೆಯನ್ನು ಓಜೋನ್ ಹಾಯಿಸಿದ ಸಮುದ್ರದ ನೀರಿನಲ್ಲಿ ತೊಳೆಯುತ್ತವೆ. ಜಪಾನಿನಲ್ಲಿ ಸ್ಟ್ರೈಪ್ಡ್ ಜ್ಯಾಕ್ ಮೀನಿಗೆ ತಾಯಿಮೀನಿನ ಪರೀಕ್ಷೆ ಮತ್ತು ಮೊಟ್ಟೆ ತೊಳೆಯುವುದು, ಎರಡನ್ನೂ ಸೇರಿಸಿಯೇ ರೋಗವನ್ನು ಹತೋಟಿಗೆ ತಂದರು. ಓಜೋನ್ ಕಡಿಮೆಯಾದರೆ ವೈರಸ್ ಸಾಯುವುದಿಲ್ಲ, ಹೆಚ್ಚಾದರೆ ಮೊಟ್ಟೆಯೇ ಒಡೆಯುವುದಿಲ್ಲ. ಕೆಲಸ ಗೊತ್ತಿರುವವರ ಕೈಯಲ್ಲಿ ಮಾತ್ರ ಆಗುವ ಮಾತು ಇದು.

ಗಜನಿ_ಗದ್ದೆ

ಕಷ್ಟ ಅರ್ಥವಾಗುತ್ತದೆ, ತಮ್ಮಾ. ಆದರೆ ಪರೀಕ್ಷೆ ಮಾಡಿದ ಫಲಿತಾಂಶವನ್ನು ಮರಿ ಕೊಳ್ಳುವವನಿಗೆ ತೋರಿಸುವುದರಲ್ಲಿ ಏನು ಕಷ್ಟ?

ಮೊಟ್ಟೆಮನೆಯವ

ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಕೊಡುತ್ತೇವೆ. ಆದರೆ ಹತ್ತು ಜನ ಗಿರಾಕಿಗಳಲ್ಲಿ ಒಂಬತ್ತು ಜನ ಕೇಳುವುದು ಮರಿಯ ಉದ್ದ ಎಷ್ಟು ಇಂಚು, ಇಂಚಿಗೆ ಎಷ್ಟು ರೂಪಾಯಿ ಎಂದು ಮಾತ್ರ.

ಅಳಿವೆಬಾಗಿಲು

ನಮಗೆ ಮರಿ ಕೊಟ್ಟವರು ಒಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಅದರಲ್ಲಿ ಐದು ಮರಿಗಳನ್ನು ಪರೀಕ್ಷಿಸಿ ವಿಎನ್‌ಎನ್ ಇಲ್ಲವೆಂದು ಕಂಡುಬಂದಿದೆ ಎಂದು ಬರೆದಿದೆ. ಅದನ್ನು ನಂಬಿಯೇ ತಂದದ್ದು.

ಕಿವಿರು_ರೆಕ್ಕೆ

ಐದು ಮರಿಯ ಪರೀಕ್ಷೆಯಿಂದ ಇಡೀ ಕಂತು ಶುದ್ಧವೆಂದು ಹೇಳಲಾಗದು. ಲೆಕ್ಕ ಹಾಕಿ ನೋಡಿ. ಕಂತಿನಲ್ಲಿ ನೂರಕ್ಕೆ ಐದು ಮರಿಗಳಿಗೆ ಸೋಂಕಿದೆ ಎಂದುಕೊಳ್ಳೋಣ. ಕಣ್ಣುಮುಚ್ಚಿ ಐದು ಮರಿ ಎತ್ತಿದರೆ ಐದೂ ಸೋಂಕಿಲ್ಲದವೇ ಆಗಿರುವ ಸಾಧ್ಯತೆ ಶೇಕಡಾ 77. ಅಂದರೆ ನಾಲ್ಕರಲ್ಲಿ ಮೂರು ಸಲ ಸೋಂಕಿರುವ ಕಂತಿಗೂ ಒಳ್ಳೆಯ ಚೀಟಿಯೇ ಸಿಗುತ್ತದೆ. ಶೇಕಡಾ 5ರಷ್ಟು ಸೋಂಕನ್ನು ಶೇಕಡಾ 95ರ ಭರವಸೆಯಿಂದ ಹಿಡಿಯಬೇಕಾದರೆ ಸುಮಾರು 60 ಮರಿಗಳನ್ನು ನೋಡಬೇಕು. ಶೇಕಡಾ 2ರಷ್ಟನ್ನು ಹಿಡಿಯಲು ಸುಮಾರು 150 ಬೇಕು. ಐದೈದು ಮರಿಗಳ ಮಾದರಿಯನ್ನು ಒಟ್ಟಿಗೆ ಅರೆದು ಒಂದೇ ಪರೀಕ್ಷೆ ಮಾಡಿದರೆ ಖರ್ಚು ಇಳಿಯುತ್ತದೆ. ಅರವತ್ತು ಮರಿಗೆ ಹನ್ನೆರಡು ಪರೀಕ್ಷೆ ಸಾಕು.

ಇನ್ನೊಂದು ಮಾತು. ಮಾದರಿಯನ್ನು ಯಾವ ತೊಟ್ಟಿಯಿಂದ ತೆಗೆದರು, ಯಾವ ದಿನ ತೆಗೆದರು ಎಂಬುದು ಚೀಟಿಯಲ್ಲಿ ಇರಬೇಕು. ಹಿಂದಿನ ತಿಂಗಳ ಬೇರೆ ಕಂತಿನ ಚೀಟಿಯಿಂದ ತಮ್ಮ ಮರಿಗಳ ವಿಷಯ ಏನೂ ತಿಳಿಯುವುದಿಲ್ಲ.

ಲೆಕ್ಕಪತ್ರ

ಶೇಕಡಾ 77ರ ಈ ಲೆಕ್ಕವನ್ನು ಮುದ್ರಿಸಿ ಪ್ರತಿ ಮೀನುಗಾರರ ಸಹಕಾರಿ ಸಂಘದ ಗೋಡೆಗೆ ಅಂಟಿಸಬೇಕು.

ಹೊಳೆಸಾಲು_ಮಹಿಳೆ

ನಾವು ಹೊನ್ನಾವರದ ಸ್ವಸಹಾಯ ಸಂಘದ ಹೆಂಗಸರು ಶರಾವತಿಯ ಹಿನ್ನೀರಿನಲ್ಲಿ ಪಂಜರ ಇಟ್ಟಿದ್ದೇವೆ. ನಮ್ಮ ಅನುಭವದಲ್ಲಿ ಮರಿ ಬಂದಿಳಿಯುವ ದಿನವೇ ಎಲ್ಲವೂ ತೀರ್ಮಾನವಾಗುತ್ತದೆ. ರಾತ್ರಿಯಿಡೀ ಲಾರಿಯಲ್ಲಿ ಚೀಲದೊಳಗೆ ಕುಲುಕಿ ಬಂದ ಮರಿಯನ್ನು ಹಾಗೆಯೇ ಹೊಳೆಗೆ ಸುರಿಯುವವರನ್ನು ನೋಡಿದ್ದೇನೆ. ನಾವು ಚೀಲವನ್ನು ಮೊದಲು ಹೊಳೆಯ ನೀರಿನಲ್ಲಿ ತೇಲಬಿಟ್ಟು, ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಿ, ಹೊಳೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಸೇರಿಸುತ್ತೇವೆ. ಮರಿ ತಾನಾಗಿ ಈಜಿ ಹೊರಗೆ ಬರಬೇಕು, ನಾವು ಬಗ್ಗಿಸಿ ಸುರಿಯುವುದಿಲ್ಲ. ಹ್ಯಾಚರಿಯ ನೀರಿನ ಉಪ್ಪು ಎಷ್ಟು ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು, ಬರುವ ಮುನ್ನ ಅಲ್ಲಿಯೇ ನಮ್ಮ ಹೊಳೆಯ ಮಟ್ಟಕ್ಕೆ ಇಳಿಸಲು ಹೇಳುತ್ತೇವೆ. ಹೀಗೆ ಮಾಡಿದ ಕಂತುಗಳಲ್ಲಿ ಸಾವು ಕಡಿಮೆ.

ಕಡಲತಡಿ_ಕೃಷಿಕ

ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ ಅಲ್ಲವೇ ಅಕ್ಕಾ! ಸಾಕಣೆ ಸರಿಯಿದ್ದರೆ ರೋಗ ಬರುವುದಿಲ್ಲ. ವೈರಸ್ ಎಂದು ಹೇಳಿ ಹೆದರಿಸುವುದು ಬೇಡ.

ಉತ್ತರಸಮುದ್ರ

ಸಾಕಣೆ ಸರಿಯಿದ್ದರೆ ಸಾವು ಕಡಿಮೆಯಾಗುತ್ತದೆ ಎನ್ನುವುದು ನಿಜ. ರೋಗವೇ ಬರುವುದಿಲ್ಲ ಎನ್ನುವುದು ನಿಜವಲ್ಲ. ನಾನು ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಸಾಕಣೆಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಊರು ಉಡುಪಿ. ಇಲ್ಲಿ ಹಣಕ್ಕೆ, ಯಂತ್ರಕ್ಕೆ, ಪಶುವೈದ್ಯರಿಗೆ ಕೊರತೆಯಿಲ್ಲ. ಆದರೂ ವೈರಸ್ ಇದೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸಾಲ್ಮನ್ ಮೈಗೆ ಅಂಟುವ ಸಮುದ್ರದ ಹೇನನ್ನು ಉದುರಿಸಲು ಮೀನುಗಳನ್ನು ದೊಡ್ಡ ಕೊಳವೆಯಲ್ಲಿ ಹಡಗಿಗೆ ಎಳೆದು, ಸುಮಾರು 30 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಅರೆನಿಮಿಷ ಹಾಯಿಸಿ ಮತ್ತೆ ಪಂಜರಕ್ಕೆ ಬಿಡುತ್ತಾರೆ. ತಣ್ಣೀರಿನ ಮೀನಿಗೆ ಅದು ದೊಡ್ಡ ಆಘಾತ. ಹಿಂದಿನ ದಿನದವರೆಗೂ ದುಂಡಗೆ, ಹೊಳೆಯುತ್ತ, ಆಹಾರಕ್ಕೆ ಮುಗಿಬೀಳುತ್ತಿದ್ದ ಮೀನು ಮರುದಿನ ಸತ್ತು ತಳ ಸೇರುತ್ತದೆ. ಕೊಯ್ದು ನೋಡಿದರೆ ಹೃದಯದ ಸುತ್ತ ರಕ್ತ ಹೆಪ್ಪುಗಟ್ಟಿರುತ್ತದೆ. ಹೃದಯದ ಸ್ನಾಯುವನ್ನು ವೈರಸ್ ತಿಂಗಳುಗಟ್ಟಲೆ ತಿಂದು ಹಾಕಿರುತ್ತದೆ, ಹೊರಗೆ ಗುರುತೇ ಇರುವುದಿಲ್ಲ. ಹೇನು ಉದುರಿಸಿದ್ದರಿಂದ ಸತ್ತಿತೇ, ವೈರಸ್ಸಿನಿಂದ ಸತ್ತಿತೇ ಎಂದು ಕೇಳಿದರೆ ಎರಡರಿಂದಲೂ ಎಂಬುದೇ ಉತ್ತರ. ಆದ್ದರಿಂದ ನೀವಿಬ್ಬರೂ ಹೇಳುತ್ತಿರುವುದು ಒಂದೇ ಸಂಗತಿಯ ಎರಡು ಮಗ್ಗುಲು.

ಕಿವಿರು_ರೆಕ್ಕೆ

ಒಪ್ಪುತ್ತೇನೆ. ಒತ್ತಡಕ್ಕೆ ಸಿಕ್ಕ ಮೀನಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ, ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಇದರ ಜೊತೆ ನೀರಿನ ಉಷ್ಣಾಂಶವನ್ನೂ ಸೇರಿಸಿಕೊಳ್ಳಿ. ಮೀನಿಗೆ ಸ್ವಂತ ಮೈಬಿಸಿ ಇಲ್ಲದಿರುವುದರಿಂದ ವೈರಸ್ಸಿನ ವೇಗ, ಮೀನಿನ ಪ್ರತಿರೋಧದ ವೇಗ ಎರಡನ್ನೂ ನೀರೇ ನಿರ್ಧರಿಸುತ್ತದೆ. ಬೀಟಾನೋಡಾವೈರಸ್ಸಿನಲ್ಲಿ ನಾಲ್ಕು ಮುಖ್ಯ ತಳಿಗಳಿವೆ. ತಣ್ಣೀರಿನ ಮೀನುಗಳಲ್ಲಿ ಸಿಗುವ ತಳಿ 15ರಿಂದ 20 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಕಡೆ ಸಿಗುವ ಆರ್‌ಜಿಎನ್‌ಎನ್‌ವಿ ತಳಿಗೆ ಇಷ್ಟವಾದದ್ದು 25ರಿಂದ 30 ಡಿಗ್ರಿ. ನಮ್ಮ ಅಳಿವೆಗಳ ನೀರು ವರ್ಷದ ಬಹುಪಾಲು ಅಷ್ಟೇ ಇರುತ್ತದೆ. ಮೆಡಿಟರೇನಿಯನ್ ಕೃಷಿಕರಿಗೆ ಚಳಿಗಾಲದಲ್ಲಾದರೂ ಬಿಡುವು ಸಿಗುತ್ತದೆ, ನಮಗೆ ಅದೂ ಇಲ್ಲ.

ಊಟಪ್ರಿಯೆ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಬೆಂಗಳೂರಿನಲ್ಲಿ ನಾವು ಸಾಕಿದ ಸೀಬಾಸ್ ಅನ್ನು ವಾರಕ್ಕೊಮ್ಮೆ ತರುತ್ತೇವೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇದನ್ನೆಲ್ಲ ಓದಿ ಭಯವಾಗುತ್ತಿದೆ. ಈ ವೈರಸ್ ಮನುಷ್ಯರಿಗೆ ಬರುತ್ತದೆಯೇ?

ಕಿವಿರು_ರೆಕ್ಕೆ

ಭಯ ಬೇಡ. ಬೀಟಾನೋಡಾವೈರಸ್ ಮನುಷ್ಯರಲ್ಲಿ ರೋಗ ತರುವುದು ಕಂಡುಬಂದಿಲ್ಲ, ಅದು ಬೆಳೆಯುವುದು ಮೀನಿನ ಜೀವಕೋಶಗಳಲ್ಲಿ. ಅಲ್ಲದೆ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಅದು ನಿಷ್ಕ್ರಿಯವಾಗುತ್ತದೆ, ಮನೆಯಲ್ಲಿ ಮಾಡುವ ಸಾರು ಅದಕ್ಕಿಂತ ಬಿಸಿಯಾಗಿರುತ್ತದೆ. ತಿನ್ನುವವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವೈರಸ್ ರೋಗಕ್ಕೆ ಕೆಲಸಕ್ಕೆ ಬಾರದ ಆಂಟಿಬಯಾಟಿಕ್ ಅನ್ನು ಮೀನಿಗೆ ತಿನ್ನಿಸಿದ್ದಾರೆಯೇ, ತಿನ್ನಿಸಿದ್ದರೆ ಅದು ಮೈಯಿಂದ ಇಳಿಯುವವರೆಗೂ ಕಾದು ಮಾರಿದ್ದಾರೆಯೇ ಎಂಬುದು. ಅಳಿವೆಬಾಗಿಲು ಅವರೇ, ಆ ಪುಡಿಯನ್ನು ದಯವಿಟ್ಟು ಇಂದೇ ನಿಲ್ಲಿಸಿ. ಯಾವ ಆಂಟಿಬಯಾಟಿಕ್ಕೂ ಯಾವ ವೈರಸ್ಸನ್ನೂ ಕೊಲ್ಲುವುದಿಲ್ಲ.

ಅಳಿವೆಬಾಗಿಲು

ನಿಲ್ಲಿಸಿದ್ದೇವೆ ಮೇಡಂ.

ಗಜನಿ_ಗದ್ದೆ

ಸತ್ತ ಮೀನನ್ನು ಏನು ಮಾಡುತ್ತಿದ್ದೀರಿ? ನಮ್ಮ ಕಡೆ ಅನೇಕರು ಹೊಳೆಗೇ ಎಸೆಯುತ್ತಾರೆ, ಇಳಿತದಲ್ಲಿ ಕಡಲಿಗೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಭರತ, ಅಂದರೆ ಉಬ್ಬರ ಬಂದಾಗ ಅದೇ ಮೇಲಿನ ಪಂಜರಕ್ಕೆ ವಾಪಸು ಬರುತ್ತದೆ. ದಿನಕ್ಕೆ ಎರಡು ಸಲ ಎತ್ತಿ, ದಡದಿಂದ ದೂರ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಎತ್ತುವ ಕೈಬಲೆಯನ್ನು ಇನ್ನೊಂದು ಪಂಜರಕ್ಕೆ ಹಾಕಲೇಬಾರದು.

ಕಿವಿರು_ರೆಕ್ಕೆ

ನೂರಕ್ಕೆ ನೂರು ಸರಿ. ಹೊರಪೊರೆಯಿಲ್ಲದ ವೈರಸ್ಸಾದ್ದರಿಂದ ಇದು ಬಹಳ ಗಟ್ಟಿ. ಸಮುದ್ರದ ನೀರಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಕೈಬಲೆ, ಬಕೆಟ್ಟುಗಳನ್ನು ಕ್ಲೋರಿನ್ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಬಿಸಿಲೊಂದನ್ನೇ ನಂಬಬೇಡಿ.

ಕಡಲತಡಿ_ಕೃಷಿಕ

ಸರಿ, ವೈರಸ್ ಎಂದೇ ಇಟ್ಟುಕೊಳ್ಳೋಣ. ಆದರೆ ಮರಿಯ ಜೊತೆಗೇ ಬಂತು ಎಂದು ಹೇಗೆ ಹೇಳುತ್ತೀರಿ? ಹೊಳೆಯ ಕಾಡುಮೀನಿನಿಂದ ಬಂದಿರಬಹುದು. ನಾವು ತಿನ್ನಿಸುವ ಹಸಿ ಮೀನಿನಿಂದಲೂ ಬಂದಿರಬಹುದು. ಬಂದರಿನ ಚಿಲ್ಲರೆ ಮೀನು, ಬೂತಾಯಿ ಕೊಚ್ಚಿ ಹಾಕದೆ ಸೀಬಾಸ್ ಸಾಕುವವರು ಎಷ್ಟು ಜನ ಇದ್ದಾರೆ? ಗುಳಿಗೆ ಆಹಾರದ ಬೆಲೆ ನೋಡಿದರೆ ತಲೆ ತಿರುಗುತ್ತದೆ.

ಉತ್ತರಸಮುದ್ರ

ಇದು ತೂಕದ ಪ್ರಶ್ನೆ. ಹಸಿ ಮೀನಿನ ವಿಷಯದಲ್ಲಿ ಆಸ್ಟ್ರೇಲಿಯಾದ ಒಂದು ಪ್ರಸಂಗ ತಿಳಿದಿರಲಿ. 1995ರಲ್ಲಿ, ಮತ್ತೆ 1998ರಿಂದ 1999ರವರೆಗೆ, ಅಲ್ಲಿನ ದಕ್ಷಿಣ ಕರಾವಳಿಯುದ್ದಕ್ಕೂ ಪಿಲ್ಚರ್ಡ್ ಎಂಬ ಬೂತಾಯಿ ಜಾತಿಯ ಮೀನು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿತ್ತು. ಕಾರಣ ಒಂದು ಹರ್ಪಿಸ್ ವೈರಸ್. ಸಾವಿನ ಸಾಲು ಸಮುದ್ರದ ಸೆಳೆತಕ್ಕೆ ಎದುರಾಗಿಯೂ ದಿನಕ್ಕೆ ಸುಮಾರು 30 ಕಿಲೋಮೀಟರಿನಂತೆ ಸಾಗಿತು. ಪಂಜರದಲ್ಲಿ ಸಾಕುವ ಟ್ಯೂನಾಕ್ಕೆ ತಿನ್ನಿಸಲು ಹೊರದೇಶಗಳಿಂದ ತರಿಸುತ್ತಿದ್ದ ಹೆಪ್ಪುಗಟ್ಟಿಸಿದ ಮೀನಿನ ಮೇಲೆ ಅನುಮಾನ ಬಿತ್ತು. ಅದು ಕೊನೆಗೂ ಸಾಬೀತಾಗಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಸಿ ಮೀನಿನೊಂದಿಗೆ ವೈರಸ್ ಪ್ರಯಾಣ ಮಾಡಬಲ್ಲದು, ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಯುವುದಿಲ್ಲ ಎಂಬ ಎಚ್ಚರ ಅಂದಿನಿಂದ ಎಲ್ಲರಿಗೂ ಬಂದಿದೆ.

ಕಿವಿರು_ರೆಕ್ಕೆ

ಕಾಡುಮೀನಿನಲ್ಲಿಯೂ ಬೀಟಾನೋಡಾವೈರಸ್ ಇರುತ್ತದೆ, ಅದು ನಿಜ. ಆದರೆ ಅಳಿವೆಬಾಗಿಲು ಅವರ ಅದೇ ಅಳಿವೆಯಲ್ಲಿ, ಅದೇ ಹಸಿ ಮೀನು ತಿಂದ ಹಳೆಯ ಕಂತಿನ ಮರಿಗಳು ಕಳೆದ ವರ್ಷ ಇದೇ ಗಾತ್ರದಲ್ಲಿ ಸಾಯಲಿಲ್ಲ. ಈ ಬಾರಿ ಬದಲಾದದ್ದು ಮರಿಯ ಮೂಲ. ಅದೇ ಹ್ಯಾಚರಿಯಿಂದ ಅದೇ ವಾರ ತರಿಸಿದ ಬೇರೆ ಊರಿನವರಲ್ಲಿ ವಿಚಾರಿಸಿದರೆ ಅರ್ಧ ಉತ್ತರ ಸಿಕ್ಕೀತು.

ಅಳಿವೆಬಾಗಿಲು

ವಿಚಾರಿಸಿದೆ. ಗಂಗೊಳ್ಳಿ ಕಡೆಯ ಪರಿಚಿತರೊಬ್ಬರು ಅದೇ ಲಾರಿಯಲ್ಲಿ ಬಂದ ಮರಿಗಳನ್ನು ಇಳಿಸಿಕೊಂಡಿದ್ದರು. ಅವರಲ್ಲಿಯೂ ಸುತ್ತು ಹೊಡೆಯುತ್ತಿವೆಯಂತೆ.

ಕಡಲತಡಿ_ಕೃಷಿಕ

ಹಾಗಿದ್ದರೆ ಮರಿಯ ಮೂಲವೇ ಕಾರಣ ಎಂದು ಒಪ್ಪಬೇಕಾಗುತ್ತದೆ. ಎರಡು ಬೇರೆ ಹೊಳೆಗಳ ನೀರು ಒಂದೇ ವಾರ ಒಂದೇ ರೀತಿ ಕೆಡುವುದಿಲ್ಲ.

ಲೆಕ್ಕಪತ್ರ

ಲಸಿಕೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಸಾಲ್ಮನ್ ಮೀನಿಗೆ ಲಸಿಕೆ ಇದೆ ಎಂದು ಓದಿದ್ದೇನೆ. ನಮ್ಮಲ್ಲಿ ಏಕಿಲ್ಲ?

ಮೊಟ್ಟೆಮನೆಯವ

ನಮ್ಮಲ್ಲಿಯೂ ಬರುತ್ತಿದೆ. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ, ಅಂದರೆ ಸಿಬಾ, ನೋಡಾವ್ಯಾಕ್-ಆರ್ ಎಂಬ ಲಸಿಕೆಯನ್ನು ಅಭಿವೃದ್ಧಿಪಡಿಸಿದೆ. ವೈರಸ್ಸಿನ ಚಿಪ್ಪಿನ ಪ್ರೋಟೀನನ್ನು ಮಾತ್ರ ಪ್ರಯೋಗಾಲಯದಲ್ಲಿ ತಯಾರಿಸಿ ಬಳಸುವ ಲಸಿಕೆ ಅದು. ಯೂರೋಪಿನ ಸೀಬಾಸ್‌ಗೂ ವಿಎನ್‌ಎನ್ ಲಸಿಕೆಗಳು ಬಂದಿವೆ. ತೊಡಕು ಇರುವುದು ವಯಸ್ಸಿನಲ್ಲಿ. ಚುಚ್ಚುಮದ್ದು ಹಾಕಬೇಕಾದರೆ ಮರಿ ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿರಬೇಕು, ಅದರ ರೋಗನಿರೋಧಕ ವ್ಯವಸ್ಥೆಯೂ ಬಲಿತಿರಬೇಕು. ಹೆಚ್ಚು ಸಾವು ಆಗುವುದು ಅದಕ್ಕೂ ಮುಂಚೆ. ಆದ್ದರಿಂದ ತಾಯಿಮೀನಿಗೆ ಲಸಿಕೆ ಹಾಕಿ ವೈರಸ್ ಮೊಟ್ಟೆಗೆ ದಾಟದಂತೆ ನೋಡುವುದು ಒಂದು ದಾರಿ, ಪಂಜರಕ್ಕೆ ಹೋಗುವ ಮರಿಗೆ ಹಾಕುವುದು ಇನ್ನೊಂದು ದಾರಿ. ತೊಟ್ಟಿಯ ಪುಟ್ಟ ಮರಿಯನ್ನು ಕಾಯುವುದು ಶುಚಿತ್ವ ಮಾತ್ರ.

ಉತ್ತರಸಮುದ್ರ

ಲಸಿಕೆಯ ಜೊತೆ ತಳಿ ಆಯ್ಕೆಯನ್ನೂ ನೆನಪಿಡಬೇಕು. ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಐಪಿಎನ್ ಎಂಬ ವೈರಸ್ ರೋಗ ವರ್ಷಗಳ ಕಾಲ ಸಣ್ಣ ಮರಿಗಳನ್ನು ಕೊಂದಿತು, ಲಸಿಕೆಯಿಂದ ದೊಡ್ಡ ಪ್ರಯೋಜನವಾಗಲಿಲ್ಲ. 2008ರ ಸುಮಾರಿಗೆ ಸ್ಕಾಟ್ಲೆಂಡಿನ ಮತ್ತು ನಾರ್ವೆಯ ಸಂಶೋಧಕರು ಬೇರೆಬೇರೆಯಾಗಿ ಒಂದೇ ಸತ್ಯ ಕಂಡುಕೊಂಡರು: ಈ ರೋಗವನ್ನು ತಡೆಯುವ ಶಕ್ತಿಯ ಬಹುಪಾಲು ಮೀನಿನ ಒಂದೇ ವರ್ಣತಂತುವಿನ ಒಂದು ಜಾಗದಲ್ಲಿದೆ. ಆ ಗುರುತಿರುವ ತಾಯಿಮೀನುಗಳ ಮೊಟ್ಟೆಯನ್ನೇ ಮಾರತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ನಾರ್ವೆಯಲ್ಲಿ ಐಪಿಎನ್ ಪ್ರಕರಣಗಳು ಬಹಳವಾಗಿ ಇಳಿದವು. ಯೂರೋಪಿನ ಸೀಬಾಸ್‌ನಲ್ಲಿಯೂ ವಿಎನ್‌ಎನ್ ತಡೆಯುವ ಗುಣ ಭಾಗಶಃ ವಂಶದಲ್ಲಿ ಬರುತ್ತದೆ ಎಂದು ತೋರಿಸಿದ್ದಾರೆ. ಸಿಬಾ 1997ರಲ್ಲಿಯೇ ಸೀಬಾಸ್ ಅನ್ನು ಸೆರೆಯಲ್ಲಿ ಮರಿ ಮಾಡಿಸಿತು. ಇಷ್ಟು ವರ್ಷವಾದ ಮೇಲೆ ನಮ್ಮಲ್ಲಿಯೂ ಆಯ್ದ ತಳಿಯ ತಾಯಿಮೀನುಗಳ ಕೆಲಸ ಭರದಿಂದ ನಡೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಗಜನಿ_ಗದ್ದೆ

ಸಿಗಡಿಗೆ ಲಸಿಕೆ ಹಾಕಿ ಪ್ರತಿಕಾಯ ಬರಿಸಲು ಆಗುವುದಿಲ್ಲ, ಮೀನಿಗೆ ಆಗುತ್ತದೆ. ಆ ಮಟ್ಟಿಗೆ ನೀವು ಅದೃಷ್ಟವಂತರು. ಆದರೆ ಲಸಿಕೆ ಬರುವವರೆಗೆ ಮತ್ತು ತಳಿ ಬರುವವರೆಗೆ ಪಂಜರಗಳನ್ನು ಒಂದಕ್ಕೊಂದು ಅಂಟಿಸಿ ಹಾಕಿಕೊಂಡು ಹೋಗುತ್ತೀರಾ? ಸಹಾಯಧನ ಬಂದ ಮೇಲೆ ಕೆಲವು ಹೊಳೆಗಳಲ್ಲಿ ದೋಣಿ ಹಾಯಲೂ ಜಾಗವಿಲ್ಲ.

ಉತ್ತರಸಮುದ್ರ

ಚಿಲಿಯಲ್ಲಿ ಆದದ್ದು ಇದೇ ಕಥೆ. 2007ರಲ್ಲಿ ಚಿಲೋಯೆ ದ್ವೀಪದ ಬಳಿ ಐಎಸ್‌ಎ, ಅಂದರೆ ಸಾಲ್ಮನ್‌ನ ರಕ್ತಹೀನತೆಯ ವೈರಸ್ ರೋಗ ಕಾಣಿಸಿಕೊಂಡಿತು. ಪಂಜರಗಳು ಒತ್ತೊತ್ತಾಗಿದ್ದವು, ಬೇರೆಬೇರೆ ವಯಸ್ಸಿನ ಮೀನುಗಳು ಅಕ್ಕಪಕ್ಕದಲ್ಲೇ ಇದ್ದವು, ದೋಣಿಗಳು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿದ್ದವು. ಮೂರು ನಾಲ್ಕು ವರ್ಷಗಳಲ್ಲಿ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ಸುಮಾರು ಮೂರನೇ ಒಂದಕ್ಕೆ ಕುಸಿಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದಾದ ಮೇಲೆ ಸಮುದ್ರವನ್ನು ವಲಯಗಳಾಗಿ ಹಂಚಿ, ಒಂದು ವಲಯದವರೆಲ್ಲ ಒಟ್ಟಿಗೆ ಮರಿ ಬಿಟ್ಟು, ಒಟ್ಟಿಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ಮೂರು ತಿಂಗಳು ನೀರನ್ನು ಖಾಲಿ ಬಿಡಬೇಕೆಂಬ ನಿಯಮ ಮಾಡಿದರು. ಫೇರೋ ದ್ವೀಪಗಳಲ್ಲಿಯೂ 2000ದ ನಂತರ ಇದೇ ರೋಗ ಬಂದು, ಒಂದು ಫಿಯರ್ಡಿನಲ್ಲಿ, ಅಂದರೆ ನೆಲದೊಳಗೆ ಚಾಚಿದ ಕಡಲಿನ ಒಂದು ಕಿರಿದಾದ ತೋಳಿನಲ್ಲಿ, ಒಂದೇ ತಲೆಮಾರಿನ ಮೀನು ಎಂಬ ಕಾನೂನು ಮಾಡಿ ಚೇತರಿಸಿಕೊಂಡರು.

ಹೊಳೆಸಾಲು_ಮಹಿಳೆ

ಖಾಲಿ ಬಿಡುವುದು ನಮಗೆ ಕಷ್ಟವೇ ಅಲ್ಲ. ಮಳೆಗಾಲದಲ್ಲಿ ಹೊಳೆಗೆ ಸಿಹಿನೀರು, ಕಸಕಡ್ಡಿ, ರಭಸ ಎಲ್ಲ ಬರುವುದರಿಂದ ಹೆಚ್ಚಿನವರು ಅದಕ್ಕೂ ಮುನ್ನವೇ ಮೀನು ಹಿಡಿದು ಮುಗಿಸುತ್ತಾರೆ. ಉಳಿದ ಸಣ್ಣ ಮೀನನ್ನು ಮುಂದಿನ ಸಾಲಿಗೆಂದು ಇಟ್ಟುಕೊಳ್ಳುವವರಿಂದಲೇ ತೊಂದರೆ. ಅಳಿವೆಬಾಗಿಲು ಅವರ ಆ ದೊಡ್ಡ ಮೀನಿನ ಪಂಜರ ಕೂಡ ಅಂಥದ್ದೇ ಅಲ್ಲವೇ? ಅವು ವೈರಸ್ ಹೊತ್ತಿದ್ದರೆ ಮುಂದಿನ ವರ್ಷದ ಮರಿಗೂ ಹಂಚುತ್ತವೆ.

ಅಳಿವೆಬಾಗಿಲು

ಅಕ್ಕ ಹೇಳಿದ್ದು ಸರಿ. ಅವನ್ನು ಬೆಲೆ ಎಷ್ಟೇ ಬರಲಿ ಈ ಮಳೆಗಾಲದ ಒಳಗೆ ಹಿಡಿದು ಮಾರುವುದೆಂದು ನಮ್ಮವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಮುಂದಿನ ಸಾಲಿಗೆ ಗಂಗೊಳ್ಳಿಯವರನ್ನೂ ಸೇರಿಸಿಕೊಂಡು ಒಟ್ಟಿಗೆ ಮರಿ ತರಿಸುವುದು, 60 ಮರಿಗಳ ಪರೀಕ್ಷೆಯ ಫಲಿತಾಂಶ ಬರುವವರೆಗೆ ಪೂರ್ತಿ ಹಣ ಕೊಡದಿರುವುದು ಎಂದೂ ಮಾತಾಗಿದೆ. ಪರೀಕ್ಷೆಯ ಖರ್ಚನ್ನು ನಾವೇ ಹಂಚಿಕೊಳ್ಳುತ್ತೇವೆ.

ಮೊಟ್ಟೆಮನೆಯವರೇ, ಇಂಥ ಷರತ್ತಿಗೆ ಹ್ಯಾಚರಿಗಳು ಒಪ್ಪುತ್ತವೆಯೇ?

ಮೊಟ್ಟೆಮನೆಯವ

ಒಬ್ಬರು ಸಾವಿರ ಮರಿಗೆ ಕೇಳಿದರೆ ಒಪ್ಪುವುದು ಅನುಮಾನ. ಎರಡು ಮೂರು ಊರಿನವರು ಸೇರಿ ಇಡೀ ತೊಟ್ಟಿಯ ಮರಿಯನ್ನು ಮುಂಗಡವಾಗಿ ಕಾದಿರಿಸಿದರೆ ಖಂಡಿತ ಒಪ್ಪುತ್ತಾರೆ. ಮಾದರಿಯನ್ನು ನಿಮ್ಮವರೇ ಬಂದು ತೆಗೆಯುವುದು ಒಳ್ಳೆಯದು.

ಅಳಿವೆಬಾಗಿಲು

ಕೊನೆಯದಾಗಿ ಒಂದು ವಿಷಯ. ಈಗ ಸಾಯುತ್ತಿರುವ ಮರಿಗಳನ್ನು ಪರೀಕ್ಷೆಗೆ ಕಳಿಸಬೇಕು. ಸತ್ತದ್ದನ್ನು ಮಂಜುಗಡ್ಡೆಯಲ್ಲಿಟ್ಟು ಮಂಗಳೂರಿಗೆ ತಂದರೆ ಸಾಕೇ?

ಕಿವಿರು_ರೆಕ್ಕೆ

ಸತ್ತು ಬಹಳ ಹೊತ್ತಾದ ಮೀನು ಬೇಡ, ಬಿಸಿಲಿಗೆ ಮಿದುಳು ಬೇಗ ಕೊಳೆಯುತ್ತದೆ. ಸುತ್ತು ಹೊಡೆಯುತ್ತಿರುವ, ಇನ್ನೂ ಜೀವವಿರುವ ಮರಿಗಳನ್ನು ಆರಿಸಿ. ಸಾಧ್ಯವಾದರೆ ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತವಾಗಿಯೇ ತನ್ನಿ. ಆಗದಿದ್ದರೆ ತಲೆಯನ್ನು ಕತ್ತರಿಸಿ ಎರಡು ಪಾಲು ಮಾಡಿ. ಒಂದು ಪಾಲನ್ನು ಪಿಸಿಆರ್‌ಗಾಗಿ ಶುದ್ಧ ಎಥನಾಲಿನಲ್ಲಿ, ಇನ್ನೊಂದನ್ನು ಅಂಗಾಂಶ ಪರೀಕ್ಷೆಗಾಗಿ ಶೇಕಡಾ 10ರ ಫಾರ್ಮಾಲಿನ್‌ನಲ್ಲಿ ಮುಳುಗಿಸಿ. ಎರಡರಲ್ಲಿಯೂ ದ್ರವ ಮಾದರಿಯ ಹತ್ತು ಪಟ್ಟು ಇರಬೇಕು, ತಲೆಬುರುಡೆ ಸ್ವಲ್ಪ ಬಿಚ್ಚಿದ್ದರೆ ದ್ರವ ಒಳಗೆ ಇಳಿಯುತ್ತದೆ. ಫಾರ್ಮಾಲಿನ್‌ನಲ್ಲಿ ಹಾಕಿದ್ದನ್ನು ಪಿಸಿಆರ್‌ಗೆ ಕೊಡಬೇಡಿ, ಅದರಲ್ಲಿ ಆರ್‌ಎನ್‌ಎ ಹಾಳಾಗಿರುತ್ತದೆ. ಪಕ್ಕದ ಪಂಜರದ ದೊಡ್ಡ ಮೀನುಗಳನ್ನು ಹಿಡಿದು ಮಾರುವಾಗ ಕೆಲವು ತಲೆಗಳನ್ನೂ ಬೇರೆ ಬಾಟಲಿಯಲ್ಲಿ ಎತ್ತಿಡಿ.

ಪ್ರತಿ ಬಾಟಲಿಯ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ಊರು, ಪಂಜರ, ಮರಿ ಬಂದ ಮೂಲ ಬರೆದ ಚೀಟಿ ಕಟ್ಟಿ. ಪೆನ್ನಿನ ಶಾಯಿ ಎಥನಾಲಿಗೆ ಅಳಿಸಿ ಹೋಗುತ್ತದೆ. ಇದರ ಜೊತೆಗೆ ಕೇಂದ್ರ ಸರ್ಕಾರದ ಜಲಚರ ರೋಗ ನಿಗಾ ಕಾರ್ಯಕ್ರಮದಡಿ 2023ರಲ್ಲಿ ಬಂದ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪಿನಲ್ಲಿ ಇಂದೇ ದಾಖಲಿಸಿ, ಗಂಗೊಳ್ಳಿಯವರಿಗೂ ದಾಖಲಿಸಲು ಹೇಳಿ. ಒಂದೇ ಮೂಲದ ಮರಿಗಳಿಂದ ಎರಡು ಕಡೆ ವರದಿ ಬಂದರೆ ಜಿಲ್ಲೆಯ ಅಧಿಕಾರಿಗಳು ಆ ಲಾರಿ ಇನ್ನೂ ಎಲ್ಲೆಲ್ಲಿ ಮರಿ ಇಳಿಸಿತು ಎಂದು ಹುಡುಕಲು ಆಧಾರ ಸಿಗುತ್ತದೆ.

ಹೊಳೆಸಾಲು_ಮಹಿಳೆ

ಆ ಲಾರಿ ಹೊನ್ನಾವರಕ್ಕೂ ಬಂದಿತ್ತೇ ಎಂದು ನಾಳೆ ಬೆಳಿಗ್ಗೆ ಸಂಘದಲ್ಲಿ ವಿಚಾರಿಸಿ ಇಲ್ಲಿಯೇ ತಿಳಿಸುತ್ತೇನೆ.